ತಂಪು ಕೋಣೆಯಲ್ಲಿ ನಿಧಾನ ಸಾಫ್ಟ್‌ವೇರಿಗೆ ಬಿದ್ದ ಏಳು ಮತಗಳ ಬಗ್ಗೆ

ಕನಕರಾಯ ಲೆಕ್ಕಪತ್ರ ಕಚೇರಿ
(ಅಕ್ಕಿ ಗಿರಣಿಗಳ ಲೆಕ್ಕ ಬರೆದುಕೊಡುವವರು)
ಕೇಂದ್ರ ಕಚೇರಿ: ಸಿಂಧನೂರು. ಶಾಖೆಗಳು: ಲಿಂಗಸುಗೂರು, ಮಸ್ಕಿ

ಸಾಫ್ಟ್‌ವೇರ್ ಆಯ್ಕೆ ಮತ್ತು ತಂಪು ನಿಯಂತ್ರಣ ವಿಭಾಗ

ಸುತ್ತೋಲೆ ಸಂಖ್ಯೆ: ಕಲಕ/ಸಿಂ/ತಂಪು/೧೪/೧೯೯೬-೯೭
ದಿನಾಂಕ: ೧೮-೫-೧೯೯೬

ವಿಷಯ: ಕಚೇರಿಗೆ ಸಾಫ್ಟ್‌ವೇರ್ ಆರಿಸುವಾಗ ಸಿಬ್ಬಂದಿಯು ನಿಧಾನವನ್ನು ಗುಣವೆಂದು ಎಣಿಸಿದ ಬಗ್ಗೆ, ಹಾಗೂ ಇನ್ನು ಮುಂದೆ ಕಂಪ್ಯೂಟರ್ ಕೋಣೆಯಲ್ಲಿ ಕೂರುವ ಕ್ರಮದ ಬಗ್ಗೆ.

ಉಲ್ಲೇಖ:
೧) ಸುತ್ತೋಲೆ ಸಂಖ್ಯೆ ೨, ದಿನಾಂಕ ೧-೪-೧೯೯೬ (ಯಾರು ಯಾವಾಗ ಒಳಗೆ ಕೂರಬಹುದು).
೨) ಆಯ್ಕೆ ಸಭೆಯ ನಡಾವಳಿ, ದಿನಾಂಕ ೪-೫-೧೯೯೬ (ಏಳು ಮತ).
೩) ಮರುಸಭೆಯ ನಡಾವಳಿ, ದಿನಾಂಕ ೬-೫-೧೯೯೬ (ಎಂಟು ಮತ).
೪) ನೀರು ತುಂಬಿ ಕಸ ಗುಡಿಸುವ ಶ್ರೀಮತಿ ಹುಸೇನಮ್ಮನವರು ಬಾಗಿಲಲ್ಲಿ ನಿಂತು ಆಡಿದ ಮಾತು (ದಿನಾಂಕ ನಮೂದಾಗಿಲ್ಲ, ಪದೇ ಪದೇ ಆಡಿದ್ದಾರೆ).

ಪ್ರಸ್ತಾವನೆ

ಕಳೆದ ಯುಗಾದಿಗೆ ಈ ಕಚೇರಿಗೆ ಒಂದು ಕಂಪ್ಯೂಟರ್ ಬಂದಿರುವುದು ಸರ್ವರಿಗೂ ತಿಳಿದ ಸಂಗತಿ. ಯಂತ್ರವು ಸೆಖೆ ತಾಳುವುದಿಲ್ಲವೆಂದು ಮಾರಿದವರು ತಿಳಿಸಿದ ಮೇರೆಗೆ ಹಳೆಯ ಕಡತಗಳ ಕೋಣೆಯನ್ನು ಖಾಲಿ ಮಾಡಿಸಿ, ಗಾಜಿನ ಬಾಗಿಲು ಕೂರಿಸಿ, ಗೋಡೆ ಒಡೆದು ಏಸಿ ಹಾಕಿಸಲಾಯಿತು. ಅದಾದ ಕೆಲವೇ ದಿನಗಳಲ್ಲಿ ಸಿಂಧನೂರಿನ ಬಿಸಿಲು ನಲವತ್ತಮೂರು ಡಿಗ್ರಿ ಮುಟ್ಟಿತು. ಈ ಎರಡು ಸಂಗತಿಗಳು ಒಂದನ್ನೊಂದು ಹುಡುಕಿಕೊಂಡು ಬರುತ್ತವೆಂದು ಆಗ ಯಾರಿಗೂ ಹೊಳೆಯಲಿಲ್ಲ.

ಕಂಪ್ಯೂಟರ್ ನಡೆಸಲು ಕುಮಾರಿ ಮೆಹರಬಾನು ಅವರನ್ನು ತಾತ್ಕಾಲಿಕವಾಗಿ ತೆಗೆದುಕೊಳ್ಳಲಾಗಿದೆ. ಇವರು ಆರು ತಿಂಗಳು ದಿನಾ ರಾಯಚೂರಿಗೆ ಬಸ್ಸಿನಲ್ಲಿ ನಿಂತೇ ಹೋಗಿ, ನಿಂತೇ ಬಂದು, ಈ ವಿದ್ಯೆ ಕಲಿತವರು. ಯಜಮಾನರಾದ ಶ್ರೀ ಕನಕರಾಯರು ಇವರಿಗೆ ಒಂದು ಷರತ್ತು ಹಾಕಿದ್ದರು: ಹತ್ತೊಂಬತ್ತು ಗಿರಣಿಗಳ ಏಪ್ರಿಲ್ ತಿಂಗಳ ಲೆಕ್ಕದ ತಖ್ತೆಗಳು ಮೇ ಇಪ್ಪತ್ತರೊಳಗೆ ಪ್ರಿಂಟಾಗಿ ಹೊರಬಂದರೆ ಕಂಪ್ಯೂಟರ್ ಉಳಿಯುತ್ತದೆ, ಇವರ ನೌಕರಿ ಕಾಯಂ ಆಗುತ್ತದೆ, ಬರದಿದ್ದರೆ ಕಂಪ್ಯೂಟರ್ ಮಾರಿದವರ ಮನೆಗೆ, ಇವರು ತಮ್ಮ ಮನೆಗೆ. ಈ ಷರತ್ತನ್ನು ಬಾಯಿಮಾತಿನಲ್ಲಿ ಇವರೊಬ್ಬರಿಗೇ ಹೇಳಲಾಗಿತ್ತು. ಉಳಿದ ಸಿಬ್ಬಂದಿಗೆ ಇದರ ಸುಳಿವಿರಲಿಲ್ಲ. ಮುಂದಿನ ಖಂಡಿಕೆಗಳನ್ನು ಓದುವವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದತಕ್ಕದ್ದು.

ಉಲ್ಲೇಖ ೧ರಲ್ಲಿ, "ಪ್ರಿಂಟು ನಡೆಯುತ್ತಿರುವಾಗ ಕಾಗದ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಲು ಸಿಬ್ಬಂದಿಯು ಒಳಗೆ ಕೂರಬಹುದು; ಪ್ರಿಂಟು ಮುಗಿದ ಕೂಡಲೇ ಹೊರಬರತಕ್ಕದ್ದು" ಎಂದು ಸೂಚಿಸಲಾಗಿತ್ತು. ಕಾಗದ ನೋಡಿಕೊಳ್ಳಲು ಒಬ್ಬರು ಸಾಕೆ, ಏಳು ಮಂದಿ ಬೇಕೆ ಎಂಬುದನ್ನು ಉಲ್ಲೇಖ ೧ ಹೇಳುವುದಿಲ್ಲ. ಹೇಳದೆ ಬಿಟ್ಟಿದ್ದನ್ನು ನಿಷೇಧವೆಂದು ತಿಳಿಯುವ ಪದ್ಧತಿ ಈ ಕಚೇರಿಯಲ್ಲಿ ಮೊದಲಿನಿಂದಲೂ ಇಲ್ಲ.

ಪರೀಕ್ಷೆಗೆ ಬಂದ ಸಾಫ್ಟ್‌ವೇರುಗಳು

೧. ಮೊದಲನೆಯದು 'ಮಹಾಖಾತೆ'. ಹೈದರಾಬಾದಿನಿಂದ ಬಂದದ್ದು. ಏಪ್ರಿಲ್ ೮ರಿಂದ ೨೦ರವರೆಗೆ ಮಾರ್ಚ್ ತಿಂಗಳ ಲೆಕ್ಕ ಕೊಟ್ಟು ಪರೀಕ್ಷಿಸಲಾಯಿತು. ಇದರ ಪ್ರಾಣವು ಇದರಲ್ಲಿಲ್ಲ. ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸುವ ಹೆಬ್ಬೆರಳಿನಷ್ಟು ಗಾತ್ರದ ಒಂದು ತುಂಡಿನಲ್ಲಿದೆ. ಅದನ್ನು ಕಿತ್ತರೆ ಏಳು ಕೋಣೆಯಾಚೆ ಗಿಣಿಯ ಕತ್ತು ಹಿಚುಕಿದಾಗಿನ ರಾಕ್ಷಸನಂತೆ ಇಡೀ ಮಹಾಖಾತೆ ಅಲ್ಲೇ ನೆಲಕ್ಕೆ ಒರಗುತ್ತದೆ. ಒಂದು ಗಿರಣಿಯ ತಖ್ತೆ ತೆಗೆಯಲು ಇದಕ್ಕೆ ನಲವತ್ತೆರಡು ನಿಮಿಷ ಬೇಕು. ಒಂದೊಂದು ಹಾಳೆ ಮುಗಿದಾಗಲೂ "ಮುಂದುವರಿಸಲೇ?" ಎಂದು ಕೇಳುತ್ತದೆ. ಯಾರಾದರೂ ಗುಂಡಿ ಒತ್ತಿ ಒಪ್ಪಿಗೆ ಕೊಡದಿದ್ದರೆ, ಹೂಂಗುಟ್ಟುವ ಮಗು ನಿದ್ದೆಹೋದಾಗ ಕತೆ ನಿಲ್ಲಿಸುವ ಅಜ್ಜಿಯಂತೆ ತಾನೂ ಸುಮ್ಮನೆ ಕೂರುತ್ತದೆ. ನಡುವೆ ಕರೆಂಟು ಹೋದರೆ ಮತ್ತೆ "ಒಂದಾನೊಂದು ಕಾಲದಲ್ಲಿ" ಎಂಬಲ್ಲಿಂದ ಆರಂಭ. ನಮ್ಮಲ್ಲಿ ಕರೆಂಟು ಎಷ್ಟು ಸಲ ಹೋಗುತ್ತದೆಂಬುದನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ. ಹನ್ನೆರಡು ದಿನಗಳಲ್ಲಿ ಹೊರಬಂದ ತಖ್ತೆಗಳು ಆರು. ಮಸ್ಕಿಯ ಬಂಡೆಯ ಮೇಲೆ ಅಕ್ಷರ ಕೊರೆದವರು ಸಹ ಇದಕ್ಕಿಂತ ಚುರುಕಾಗಿದ್ದಿರಬಹುದೆಂದು ಈ ವಿಭಾಗ ಊಹಿಸುತ್ತದೆ.

೨. ಎರಡನೆಯದು 'ಲೆಕ್ಕಸಖಿ'. ಹುಬ್ಬಳ್ಳಿಯದು. ಏಪ್ರಿಲ್ ೨೨ರಿಂದ ಮೇ ೪ರವರೆಗೆ ಪರೀಕ್ಷಿಸಲಾಯಿತು. ಒಂದು ತಖ್ತೆಗೆ ಐದು ನಿಮಿಷ. ಏನನ್ನೂ ಕೇಳುವುದಿಲ್ಲ. ಅದೇ ಮಾರ್ಚ್ ತಿಂಗಳ ಹತ್ತೊಂಬತ್ತು ತಖ್ತೆಗಳನ್ನೂ ಅಂಕಿ ತುಂಬಿಸುವುದೂ ಸೇರಿ ಎರಡೂವರೆ ದಿನದಲ್ಲಿ ಮುಗಿಸಿ ಸುಮ್ಮನಾಯಿತು. ಆಮೇಲೆ ಪ್ರಿಂಟು ಮಾಡಲು ಏನೂ ಉಳಿಯದ ಕಾರಣ, ಉಲ್ಲೇಖ ೧ರಂತೆ ಗಾಜಿನ ಬಾಗಿಲು ಮುಚ್ಚಿ ಸಿಬ್ಬಂದಿಯನ್ನೆಲ್ಲ ಹೊರಗಿನ ಪಡಸಾಲೆಗೆ ಕಳುಹಿಸಲಾಯಿತು. ಪಡಸಾಲೆಯ ಫ್ಯಾನು ಬಿಸಿ ಗಾಳಿಯನ್ನು ಒಬ್ಬರಿಂದ ಇನ್ನೊಬ್ಬರಿಗೆ ಹಂಚುವ ಕೆಲಸವನ್ನಷ್ಟೇ ಮಾಡುತ್ತದೆ.

೩. ಎರಡೂ ಸಾಫ್ಟ್‌ವೇರುಗಳ ತಖ್ತೆಗಳನ್ನು ಹೋಲಿಸಲಾಗಿ, ಭತ್ತ, ಅಕ್ಕಿ, ನುಚ್ಚು, ತೌಡು ಎಲ್ಲವೂ ಕಾಳಿಗೆ ಕಾಳು ತಾಳೆಯಾಗಿವೆ. ಆದುದರಿಂದ ಲೆಕ್ಕದ ಸರಿ-ತಪ್ಪಿನ ದೃಷ್ಟಿಯಿಂದ ಆರಿಸಲು ಏನೂ ಇರಲಿಲ್ಲ. ಸಿಬ್ಬಂದಿಯೇ ಕೂಡಿ ಒಂದು ಅಂಕಪಟ್ಟಿ ತಯಾರಿಸಿದರು. ಅದರಲ್ಲಿ ಲೆಕ್ಕದ ನಿಖರತೆಗೆ ಐದು ಅಂಕ, ವೇಗಕ್ಕೆ ಐದು ಅಂಕ (ಹೆಚ್ಚಾದಲ್ಲಿ ಕಳೆಯತಕ್ಕದ್ದು), "ಜೊತೆಗೆ ಕುಳಿತವರ ಮನಸ್ಸಿನ ನೆಮ್ಮದಿ"ಗೆ ತೊಂಬತ್ತು ಅಂಕ ಎಂದು ನಿಗದಿಯಾಗಿತ್ತು. ಮಹಾಖಾತೆ ತೊಂಬತ್ತೊಂಬತ್ತು ಪಡೆಯಿತು. ಲೆಕ್ಕಸಖಿಗೆ ಬಂದದ್ದು ಎರಡು.

ಮತದಾನ

೪. ಮೇ ೪ರ ಸಭೆಯಲ್ಲಿ ಮೂರೂ ಊರಿನ ಏಳು ಮಂದಿ ಗುಮಾಸ್ತರು ಮಹಾಖಾತೆಗೇ ಮತ ನೀಡಿದರು. ಯಂತ್ರ ನಡೆಸುವವರು ತಾತ್ಕಾಲಿಕ ಸಿಬ್ಬಂದಿಯಾದ್ದರಿಂದ ಅವರಿಗೆ ಮತವಿರಲಿಲ್ಲ. ಹೀಗಾಗಿ, ಯಂತ್ರವನ್ನು ಒಮ್ಮೆಯೂ ಮುಟ್ಟದವರೆಲ್ಲರೂ ಒಮ್ಮತದಿಂದ ಯಂತ್ರದ ಭವಿಷ್ಯ ನಿರ್ಧರಿಸಿದರೆಂದು ನಡಾವಳಿಯಲ್ಲಿ ದಾಖಲಾಗಿದೆ. ಕಾರಣ ಕೇಳಲಾಗಿ ಬಂದ ಹೇಳಿಕೆಗಳನ್ನು ಯಥಾವತ್ತಾಗಿ ಕೆಳಗೆ ಕೊಡಲಾಗಿದೆ.

(ಅ) ಶ್ರೀ ಗೋಪಣ್ಣ, ಹಿರಿಯ ಗುಮಾಸ್ತರು, ಸಿಂಧನೂರು: "ಲೆಕ್ಕ ಅಂದ್ರ ಅವಸರದ ಕೆಲಸ ಅಲ್ರಿ. ಮಹಾಖಾತೆ ಒಂದೊಂದ ಗೆರಿ ವಿಚಾರ ಮಾಡಿ ಹೊಡಿತೈತಿ. ಈ ಲೆಕ್ಕಸಖಿ ಐತಲ್ಲ, ಕಂಡಕ್ಟರ್ ಟಿಕೀಟು ಹರದಂಗ ಹರದು ಒಗಿತೈತಿ. ಹಂತಾದ್ರ ಮ್ಯಾಲ ಹೆಂಗ ನಂಬಿಕಿ ಇಡಬೇಕು?"

(ಆ) ಶ್ರೀ ಸೂಗಪ್ಪ, ಗುಮಾಸ್ತರು, ಮಸ್ಕಿ: "ಮಸ್ಕಿಯಿಂದ ಬಸ್ಸಿನಾಗ ಬೆಂದು ಬಂದಿರ್ತೀನ್ರಿ. ಐದು ನಿಮಿಷಕ್ಕ ಪ್ರಿಂಟ್ ಮುಗೀತು, ಎದ್ದೇಳು ಅಂದ್ರ ಬೆನ್ನಿನ ಬೆವರು ಸುತಾ ಆರಿರಂಗಿಲ್ಲ. ಇದು ಯಾವ ಸೀಮಿ ಸಾಫ್ಟ್‌ವೇರು."

(ಇ) ಯಜಮಾನರ ಅಭಿಪ್ರಾಯ ದೊರೆತಿಲ್ಲ. ಅವರು ಮಹಾಖಾತೆಯನ್ನು ಏಪ್ರಿಲ್ ೧೧ರಂದು ಮಧ್ಯಾಹ್ನ ಊಟವಾದ ಮೇಲೆ, ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ, ಒಂದು ಗಂಟೆ ಇಪ್ಪತ್ತು ನಿಮಿಷ ಪರಿಶೀಲಿಸಿದ್ದರು. ಪರಿಶೀಲನೆಯ ಶಬ್ದ ಪಡಸಾಲೆಯವರೆಗೂ ಕೇಳಿಸುತ್ತಿತ್ತು.

ವಿಭಾಗದ ಗಮನಕ್ಕೆ ಬಂದ ಇತರೆ ಅಂಶಗಳು

೫. ಮಸ್ಕಿಯ ಶ್ರೀ ಸೂಗಪ್ಪನವರು ಮೊದಲು ವಾರಕ್ಕೊಮ್ಮೆ ಎಲ್ಲ ರಸೀದಿಗಳನ್ನು ಒಂದೇ ಚೀಲದಲ್ಲಿ ತರುತ್ತಿದ್ದರು. ಮಹಾಖಾತೆಯ ಹನ್ನೆರಡು ದಿನಗಳಲ್ಲಿ ಇವರು ಹನ್ನೊಂದು ಸಲ ಸಿಂಧನೂರಿಗೆ ಬಂದಿದ್ದಾರೆ. ಏಪ್ರಿಲ್ ೧೬ರಂದು ಇವರು ತಂದದ್ದು ಒಂದೇ ರಸೀದಿ. ಅದು ಒಂದು ಉಂಡೆ ಸುತಳಿ ದಾರದ್ದು. ಮರುದಿನ ಅದೇ ಸುತಳಿಯ ರಸೀದಿಯ ನಕಲನ್ನು ತಂದಿದ್ದಾರೆ.

೬. ಏಪ್ರಿಲ್ ೧೭ರ ಆವಕ ವಹಿಯಲ್ಲಿ ಲಿಂಗಸುಗೂರು ಶಾಖೆಯಿಂದ "ದುಂಡನೆಯ ಕಡತ, ಹಸಿರು, ಒಂದು" ಎಂದು ನಮೂದಾಗಿದ್ದು, ಅದನ್ನು ಏಸಿಯ ಕೆಳಗೆ ಇರಿಸಲಾಗಿತ್ತು. ಸಂಜೆ ಜಾವಕ ವಹಿ ನೋಡಲಾಗಿ ಬೀಜಗಳು ಮಾತ್ರ ಸಿಕ್ಕಿವೆ. ಕಡತವನ್ನು ವಿಲೇವಾರಿ ಮಾಡುವ ಮುನ್ನ ಈ ವಿಭಾಗಕ್ಕೂ ಒಂದು ಹೋಳು ಕಳುಹಿಸಬೇಕಿತ್ತು.

೭. ಜವಳಗೇರಾದ ಗಿರಣಿಯೊಂದರ ಮುನೀಮರಾದ ಶ್ರೀ ಅಲ್ಲಾಭಕ್ಷ್ ಅವರು "ನಮ್ಮ ತಖ್ತೆ ಯಾಕೆ ಬಂದಿಲ್ಲ" ಎಂದು ಜಗಳ ತೆಗೆಯಲು ಏಪ್ರಿಲ್ ೧೨ರಂದು ಆಗಮಿಸಿದರು. ಒಳಗೆ ಕೂರಿಸಲಾಯಿತು. ಅರ್ಧ ಗಂಟೆಯ ನಂತರ ಎದ್ದು, ಎಲ್ಲರಿಗೂ ಸಲಾಮು ಹೇಳಿ, ಏತಕ್ಕೆ ಬಂದಿದ್ದೆನೆಂಬುದನ್ನು ಮರೆತು ಹೋದರು. ಮರುದಿನ ನೆನಪು ಮಾಡಿಕೊಂಡು ಬಂದರು, ಮತ್ತೆ ಮರೆತರು. ಮೂರನೆಯ ಸಲ ಅಳಿಯನನ್ನೂ ಕರೆತಂದರು. ಮಹಾಖಾತೆಯಿಂದ ಅವರ ತಖ್ತೆ ಕೊನೆಗೂ ಬರಲಿಲ್ಲ, ದೂರೂ ಬರಲಿಲ್ಲ.

೮. ಉಲ್ಲೇಖ ೪ರಲ್ಲಿನ ಮಾತು ಹೀಗಿದೆ. ಶ್ರೀಮತಿ ಹುಸೇನಮ್ಮ: "ಹೊರಗ ಹತ್ತು ಜೋಡಿ ಚಪ್ಪಲಿ ಅದಾವ. ಒಳಗ ಕೆಲಸ ಮಾಡೋ ಕೈ ಎರಡ ಅದಾವ. ಉಳಿದ ಕೈ ಏನ್ ಮಾಡಾಕತ್ತಾವಂತ ಯಾರರ ಕೇಳ್ರಿ. ಆ ಹುಡುಗಿ ಮಾರಿ ನೋಡೀರೇನು? ತಂಪಿನಾಗ ಕುಂತು ಬೆವರಾಕತ್ತಾಳ." ಏಸಿಯ ಕೆಳಗೆ ಕುಳಿತವರು ಬೆವರುವುದು ತಾಂತ್ರಿಕವಾಗಿ ಸಾಧ್ಯವಿಲ್ಲದ ಕಾರಣ, ಈ ವಿಭಾಗವು ವಿಚಾರಣೆ ಕೈಗೊಂಡಿತು.

ಮರುಸಭೆ

೯. ಮೇ ೬ರಂದು ಬೆಳಿಗ್ಗೆ ಮಹಾಖಾತೆಯ ಖರೀದಿ ಪತ್ರಕ್ಕೆ ಸಹಿ ಹಾಕಿಸಲು ಎಲ್ಲರನ್ನೂ ಕರೆಯಲಾಗಿತ್ತು. ವಿಭಾಗವು ಯಂತ್ರ ನಡೆಸುವವರನ್ನು ಮೊದಲು ಕೇಳಿದ ಪ್ರಶ್ನೆ: ಈ ತಿಂಗಳ ಇಪ್ಪತ್ತರೊಳಗೆ ಮಹಾಖಾತೆಯಿಂದ ಎಷ್ಟು ತಖ್ತೆ ಆಗುತ್ತವೆ?

ಕುಮಾರಿ ಮೆಹರಬಾನು: "ಆರು. ಕರೆಂಟ್ ಚಲೋ ಇದ್ರ ಏಳು."

ಹತ್ತೊಂಬತ್ತು ಆಗದಿದ್ದರೆ ಏನಾಗುತ್ತದೆಂದು ಕೇಳಲಾಗಿ: "ಕಂಪ್ಯೂಟರ್ ವಾಪಸ್ ಹೋಗತೈತ್ರಿ. ಅದರ ಹಿಂದ ನಾನೂ. ಇಲ್ಲಿಗೆ ಬರಾಕ ಮುಂಜಾಲೆ ಬಸ್ಸು ಹಿಡಿಯೋದು ಒಂದು ತಪ್ಪತೈತಿ, ಅಷ್ಟ."

ನಂತರ ನಡೆದ ಮಾತುಕತೆಯನ್ನು ನಡಾವಳಿಯಿಂದ ತೆಗೆದುಹಾಕುವಂತೆ ಶ್ರೀ ಗೋಪಣ್ಣನವರು ಕೋರಿದ್ದು, ಕೋರಿಕೆಯನ್ನು ತಿರಸ್ಕರಿಸಿ ಇಲ್ಲಿ ಸೇರಿಸಲಾಗಿದೆ.

ಗೋಪಣ್ಣ: "ಯವ್ವಾ, ಇದನ್ನ ಮೊದಲ ಹೇಳಬಾರದೇನು? ಹನ್ನೆರಡು ದಿನ ನಿನ್ನ ಮಗ್ಗಲದಾಗ ಕುಂತು ನಿದ್ದಿ ಹೊಡದೀನಿ."

ಮೆಹರಬಾನು: "ಹೆಂಗ ಹೇಳ್ಲಿ ಕಾಕಾ. ನೀವೆಲ್ಲ ಖುಷೀಲೆ ಕುಂತಿದ್ರಿ. ನಮ್ಮ ಮನ್ಯಾಗ ಮಲಗಿದವರನ್ನ ಎಬ್ಬಿಸಬಾರದಂತ ಅಮ್ಮಿ ಕಲಿಸ್ಯಾಳ."

ಸೂಗಪ್ಪ: "ಮತ್ತ ಆ ಗುಂಡಿ ಒತ್ತಾಕ ನನಗ ಯಾಕ ಹೇಳ್ಲಿಲ್ಲ? 'ಮುಂದುವರಿಸಲೇ' ಅಂತ ಅದು ಕೇಳಿದಾಗೆಲ್ಲ ನಾನ ಸುಮ್ಮನ ಇರಂತ ಕೈ ಮಾಡತಿದ್ದೆ."

ಮೆಹರಬಾನು: "ನೋಡೀನ್ರಿ. ನೀವು ಅತ್ತಾಗ ಹೊಳ್ಳಿದಾಗ ಒತ್ತತಿದ್ದೆ."

ಹುಸೇನಮ್ಮ (ಬಾಗಿಲಿನಿಂದ, ಸಭೆಗೆ ಆಹ್ವಾನವಿಲ್ಲದಿದ್ದರೂ): "ಏಳು ಮಂದಿ ಕಾಗದ ಕಾಯಾಕ ಕುಂತಿದ್ರಿ. ಕೂಸಿನ ನೌಕರಿ ಸಿಕ್ಕೊಂಡದ್ದು ಒಬ್ಬರಿಗೂ ಕಾಣಲಿಲ್ಲ ನೋಡು."

ಮರುಮತದಾನ ಕೋರಲಾಯಿತು. ಏಳೂ ಮತಗಳು ಲೆಕ್ಕಸಖಿಗೆ ಬಿದ್ದವು. ಎಂಟನೆಯ ಮತವೊಂದೂ ಪೆಟ್ಟಿಗೆಯಲ್ಲಿ ಕಂಡುಬಂದಿದ್ದು, ಅದರ ಮೇಲೆ ಹೆಬ್ಬೆಟ್ಟಿನ ಗುರುತಿದೆ; ಗುರುತು ನೀರಿನಿಂದ ಒದ್ದೆಯಾಗಿತ್ತು. ಯಾರದೆಂದು ವಿಚಾರಿಸದಿರಲು ನಿರ್ಧರಿಸಲಾಗಿದೆ.

೧೦. ಅಂದಿನಿಂದ ಮೇ ೧೬ರವರೆಗೆ ಕುಮಾರಿ ಮೆಹರಬಾನು ಹೊರತು ಸಿಬ್ಬಂದಿಯ ಪೈಕಿ ಯಾರೂ ಕಂಪ್ಯೂಟರ್ ಕೋಣೆಗೆ ಕಾಲಿಟ್ಟಿಲ್ಲ. ಶ್ರೀ ಗೋಪಣ್ಣನವರು ಪಡಸಾಲೆಯ ಬಾಗಿಲಲ್ಲಿ ಕುಳಿತು ಏಪ್ರಿಲ್ ತಿಂಗಳ ರಸೀದಿಗಳನ್ನು ಅವು ಬಂದಂತೆಲ್ಲ ತಾರೀಕಿನ ಪ್ರಕಾರ ಜೋಡಿಸಿ ಒಳಗೆ ಕೊಟ್ಟರು. ಶ್ರೀ ಸೂಗಪ್ಪನವರು ಮಸ್ಕಿಯ ಚೀಲವನ್ನು ಒಂದೇ ಸಲಕ್ಕೆ ತಂದು, ಕೊಟ್ಟು, ನೀರು ಕುಡಿದು, ಅದೇ ಬಸ್ಸಿಗೆ ವಾಪಸಾದರು. ಯಜಮಾನರು ಒಮ್ಮೆ ಪರಿಶೀಲನೆಗೆಂದು ದಿಂಬಿನ ಸಮೇತ ಬಂದಾಗ, ಹುಸೇನಮ್ಮನವರು ಗಾಜಿನ ಬಾಗಿಲ ಮುಂದೆ ನೆಲ ಸಾರಿಸುತ್ತಿದ್ದರು. ಎರಡು ತಾಸು ಸಾರಿಸುತ್ತಲೇ ಇದ್ದರು. ಹತ್ತೊಂಬತ್ತನೆಯ ತಖ್ತೆಯು ಮೇ ೧೬ರಂದು ಗುರುವಾರ ಮಧ್ಯಾಹ್ನ ಮೂರು ಹತ್ತಕ್ಕೆ, ಕರೆಂಟು ಹೋಗುವುದಕ್ಕೆ ಎರಡು ನಿಮಿಷ ಮೊದಲು ಹೊರಬಂದಿರುತ್ತದೆ. ಅದು ಶ್ರೀ ಅಲ್ಲಾಭಕ್ಷ್ ಅವರ ಗಿರಣಿಯದು. ಅವರಿಗೆ ತಲುಪಿಸಲಾಗಿ, ಇದು ಏನೆಂದು ಕೇಳಿದರು.

ಆದೇಶ

ಮೇಲಿನ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಹೊರಗಡೆ ಬಿಸಿಲು ಇನ್ನೂ ನಲವತ್ತೊಂದು ಡಿಗ್ರಿ ಇರುವುದನ್ನು ಕಿಟಕಿಯಿಂದ ಖಚಿತಪಡಿಸಿಕೊಂಡು, ಈ ಕೆಳಕಂಡಂತೆ ಎಲ್ಲ ಶಾಖೆಗಳಿಗೂ ಸೂಚನೆ ಹೊರಡಿಸಲಾಗಿದೆ.

೧೧. ಲೆಕ್ಕಸಖಿಯನ್ನು ಖರೀದಿಸತಕ್ಕದ್ದು. ಮಹಾಖಾತೆಯನ್ನು ಗೌರವಪೂರ್ವಕವಾಗಿ ಹೈದರಾಬಾದಿಗೆ ಕಳುಹಿಸತಕ್ಕದ್ದು.

೧೨. ಮಹಾಖಾತೆಗೆ ಹಿಡಿಯುತ್ತಿದ್ದ ನಲವತ್ತೆರಡು ನಿಮಿಷದಲ್ಲಿ ಲೆಕ್ಕಸಖಿಯ ಐದು ನಿಮಿಷ ಕಳೆದರೆ ಪ್ರತಿ ತಖ್ತೆಗೆ ಮೂವತ್ತೇಳು ನಿಮಿಷ ಉಳಿತಾಯ. ತಖ್ತೆಯು ಹೊರಬಂದ ಮೇಲೂ ಈ ಮೂವತ್ತೇಳು ನಿಮಿಷ ಪ್ರಿಂಟು ನಡೆಯುತ್ತಿದೆಯೆಂದೇ ಭಾವಿಸತಕ್ಕದ್ದು. ಹೀಗೆ ಭಾವಿಸಿದ ಅವಧಿಯಲ್ಲಿ ಉಲ್ಲೇಖ ೧ರಂತೆ ಸಿಬ್ಬಂದಿಯು ಒಳಗೆ ಕೂರಬಹುದು. ಕಾಗದ ಸಿಕ್ಕಿಕೊಳ್ಳುವುದಿಲ್ಲ, ಆದರೂ ನೋಡಿಕೊಳ್ಳತಕ್ಕದ್ದು.

೧೩. ಹತ್ತೊಂಬತ್ತು ತಖ್ತೆಗಳಿಗೆ ಈ ತಿಂಗಳು ಒಟ್ಟು ಹನ್ನೊಂದು ಗಂಟೆ ನಲವತ್ಮೂರು ನಿಮಿಷ ತಂಪು ಜಮಾ ಆಗಿದೆ. ಇದನ್ನು ಏಳು ಗುಮಾಸ್ತರು, ಕುಮಾರಿ ಮೆಹರಬಾನು ಹಾಗೂ ಶ್ರೀಮತಿ ಹುಸೇನಮ್ಮ, ಈ ಒಂಬತ್ತು ಮಂದಿಗೆ ತಲಾ ಎಪ್ಪತ್ತೆಂಟು ನಿಮಿಷದಂತೆ ಹಂಚಲಾಗಿದೆ. ಉಳಿದ ಒಂದು ನಿಮಿಷ ಯಜಮಾನರಿಗೆ.

೧೪. ತಂಪನ್ನು ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ವರ್ಗಾಯಿಸಬಹುದು. ಮದುವೆ, ಬಾಣಂತನ, ಅತ್ತೆ ಊರಿಗೆ ಬಂದ ಸಂದರ್ಭಗಳಲ್ಲಿ ಮುಂಗಡ ಪಡೆಯಬಹುದು. ಚಳಿಗಾಲಕ್ಕೆ ಉಳಿಸಿಟ್ಟ ತಂಪು ತಾನಾಗಿಯೇ ರದ್ದಾಗುತ್ತದೆ.

೧೫. ಕೂರುವ ಅವಧಿಯಲ್ಲಿ ಕರೆಂಟು ಹೋದರೆ, ಬಾಗಿಲು ತೆರೆಯದೆ ಇರುವ ತಂಪನ್ನೇ ಸಮನಾಗಿ ಉಸಿರಾಡತಕ್ಕದ್ದು. ದೀರ್ಘ ಉಸಿರು ತೆಗೆದುಕೊಳ್ಳುವವರನ್ನು ಬಾಗಿಲ ಹತ್ತಿರ ಕೂರಿಸಲಾಗುವುದು.

೧೬. ಪ್ರಿಂಟರಿನ ಕಿರ್ರೆಂಬ ಸದ್ದಿಲ್ಲದೆ ನಿದ್ದೆ ಬರುತ್ತಿಲ್ಲವೆಂದು ಲಿಂಗಸುಗೂರು ಶಾಖೆಯು ಮನವಿ ಸಲ್ಲಿಸಿದೆ. ಆ ಸದ್ದನ್ನು ಬಾಯಿಂದ ಮಾಡಲು ಶ್ರೀ ಸೂಗಪ್ಪನವರು ಒಪ್ಪಿರುತ್ತಾರೆ. ಹಾಳೆ ಹರಿಯುವ ಸದ್ದು ಬೇಕಾದವರು ಮುಂಚಿತವಾಗಿ ತಿಳಿಸತಕ್ಕದ್ದು.

೧೭. ದುಂಡನೆಯ ಕಡತಗಳನ್ನು ಇನ್ನು ಮುಂದೆ ನೇರವಾಗಿ ಕಲ್ಲಂಗಡಿ ಎಂದೇ ನಮೂದಿಸಬಹುದು.

೧೮. ಮೇಲಿನ ನಿಯಮಗಳ ಅರ್ಥ ತಿಳಿಯದವರು ಹುಸೇನಮ್ಮನವರನ್ನು ಕೇಳತಕ್ಕದ್ದು. ಅವರ ಉತ್ತರವನ್ನು ಮೇಲ್ಮನವಿಗೆ ಒಯ್ಯಲು ಅವಕಾಶವಿಲ್ಲ.

ಯಜಮಾನರ ಒಪ್ಪಿಗೆ ಪಡೆದು ಹೊರಡಿಸಿದ್ದು. (ಸಹಿ ಮಾಡುವಾಗ ಅವರು ತಮ್ಮ ಒಂದು ನಿಮಿಷವನ್ನು ಬಳಸಿಕೊಂಡಿರುತ್ತಾರೆ.)

ಸಹಿ/-
ವಿಭಾಗದ ಪರವಾಗಿ
ಸಾಫ್ಟ್‌ವೇರ್ ಆಯ್ಕೆ ಮತ್ತು ತಂಪು ನಿಯಂತ್ರಣ ವಿಭಾಗ
ಸಿಂಧನೂರು

ಪ್ರತಿಗಳು:

೧) ಲಿಂಗಸುಗೂರು ಶಾಖೆಗೆ, ಗೋಡೆಗೆ ಅಂಟಿಸಲು. ಬೀಸಣಿಗೆಯಾಗಿ ಬಳಸತಕ್ಕದ್ದಲ್ಲ.

೨) ಮಸ್ಕಿ ಶಾಖೆಗೆ, ಅಂಚೆಯ ಮೂಲಕ. ಇದನ್ನು ಒಯ್ಯಲು ಶ್ರೀ ಸೂಗಪ್ಪನವರು ಬರುವ ಅಗತ್ಯವಿಲ್ಲ.

೩) ಶ್ರೀ ಸೂಗಪ್ಪನವರಿಗೆ, ಸಿಂಧನೂರಿನಲ್ಲೇ ಖುದ್ದಾಗಿ. ಈಗಾಗಲೇ ಬಂದಿದ್ದಾರೆ.

೪) ಶ್ರೀ ಅಲ್ಲಾಭಕ್ಷ್, ಮುನೀಮರು, ಜವಳಗೇರಾ, ಮತ್ತು ಅವರ ಅಳಿಯನಿಗೆ, ಮಾಹಿತಿಗಾಗಿ, ಮರೆತಲ್ಲಿ ಮತ್ತೊಮ್ಮೆ.

೫) ಶ್ರೀಮತಿ ಹುಸೇನಮ್ಮನವರಿಗೆ ಓದಿ ಹೇಳತಕ್ಕದ್ದು. ನಡುವೆ ಅವರು ಆಡುವ ಮಾತುಗಳನ್ನು ತಿದ್ದುಪಡಿಯೆಂದು ಪರಿಗಣಿಸಲಾಗುವುದು.

೬) ರಕ್ಷಾ ಕಡತಕ್ಕೆ.

೭) ಕುಮಾರಿ ಮೆಹರಬಾನು ಅವರಿಗೆ. ಹಾಳೆಯನ್ನು ತಿರುಗಿಸಿ ನೋಡತಕ್ಕದ್ದು. ಕಾಯಂ ನೇಮಕದ ಆದೇಶ ಹಿಂಬದಿಯಲ್ಲಿದೆ. ಅದನ್ನು ಶ್ರೀ ಗೋಪಣ್ಣನವರು ಕೈಯಿಂದಲೇ ಬರೆದಿದ್ದಾರೆ. ಕಂಪ್ಯೂಟರಿನಲ್ಲಿ ತೆಗೆಯಹೋದರೆ ನಿಮ್ಮನ್ನೇ ಕರೆಯಬೇಕಾಗುತ್ತಿತ್ತು.